ಮಗ್ಗ ನಿಂತಾಗ ಕೇಳಿಸಿದ ಮಾತು

ಬನಹಟ್ಟಿಯ ಆ ಓಣಿಯಲ್ಲಿ ಮಾತು ಅಂದರೆ ಕೂಗು. ಮನೆಮನೆಗೂ ಪವರ್‌ಲೂಮ್. ಮುಂಜಾನೆ ಖಟಾಖಟ್ ಶುರುವಾಯಿತೆಂದರೆ ಚಹಾ ಬೇಕಾದರೂ ಕೂಗಬೇಕು, ಜೀವ ಹೋದರೂ ಕೂಗಬೇಕು. ಆ ಸದ್ದಿನೊಳಗೆ ಯಾರ ಮನೆಯ ಜಗಳವೂ ಹೊಸ್ತಿಲು ದಾಟುವುದಿಲ್ಲ. ಬಾಳೇಶ ಅದನ್ನೇ ನಂಬಿಕೊಂಡಿದ್ದ.

ಅವತ್ತು ನೇಯ್ದ ಸೀರೆ ಕೊಡಲು ಸಾವಕಾರನ ಅಂಗಡಿಗೆ ಹೋಗಿದ್ದ. ಸಾವಕಾರ ಸೀರೆ ಬಿಚ್ಚಿದ, ಮೂಗು ಮುರಿದ. "ಏನ ನೇದೀಲೇ ನಾಯಿ? ಇದನ್ನ ನಿನ್ನ ಹೇಣತಿಗೆ ಉಡಸು" ಎಂದು ಗಿರಾಕಿಗಳೆದುರೇ ಮುಖದ ಮೇಲೆ ಎಸೆದ. ಗಿರಾಕಿಗಳು ನಕ್ಕರು. ಬಾಳೇಶ "ಹೌದ್ರಿ ಸಾವಕಾರ್ರ" ಅಂದ. ಸೀರೆ ಮಡಚಿಕೊಂಡು ಮನೆಗೆ ಬಂದ.

ಮನೆಯಲ್ಲಿ ಹೆಂಡತಿ ಉಜ್ವಲಾ ಮಗ್ಗದ ಲಾಳಿಯೊಳಗೆ ಕೂರಿಸುವ ಪುಟ್ಟ ಕೊಳವೆಗೆ, ಕಂಡಿಕೆಗೆ, ನೂಲು ಸುತ್ತುತ್ತಿದ್ದಳು. ಹಸಿರು ಕೇಳಿದರೆ ನೀಲಿ ಕೊಟ್ಟಳು. ಆದದ್ದು ಅಷ್ಟೇ. ಬಾಳೇಶ ತುದಿಗೆ ಕಬ್ಬಿಣವಿದ್ದ ಲಾಳಿಯನ್ನು ಎತ್ತಿ ಹಿಡಿದು ಒದರತೊಡಗಿದ. ಅದೇ ಹೊತ್ತಿಗೆ ಕರೆಂಟು ಹೋಯಿತು. ಓಣಿಯ ಮಗ್ಗಗಳೆಲ್ಲ ಒಮ್ಮೆಗೇ ನಿಂತವು.

"ಕೊಂದ ಹಾಕ್ತೇನಿ ನಿನ್ನ! ಕುತ್ತಿಗಿ ಹಿಚಕಿ ಕೊಂದ ಹಾಕ್ತೇನಿ!"

ಆ ದನಿ ಗೋಡೆಗೆ ಬಡಿದು ಅವನ ಕಿವಿಗೇ ಬಂತು. ಯಾರದೀ ದನಿ? ಬಾಳೇಶ ಬೆಚ್ಚಿಬಿದ್ದ. ಎದುರು ಮನೆಯಲ್ಲಿ ಯಾರೋ "ಅಯ್ಯ ಯೇಸಪ್ಪಾ!" ಅಂದರು. ಮೂಲೆಯಲ್ಲಿ ಉಜ್ವಲಾ ಎರಡೂ ಕೈ ತಲೆಯ ಮೇಲಿಟ್ಟು ಕೂತಿದ್ದಳು, ಅದು ಅವಳಿಗೆ ರೂಢಿಯಾದ ಭಂಗಿ ಎಂಬಂತೆ.

"ನಾ ಹಂಗ ಅಂದ್ನೇನು?" ಬಾಳೇಶ ಕೇಳಿದ.

"ದಿನಾ ಅಂತಿ," ಉಜ್ವಲಾ ಕೈ ಇಳಿಸಲಿಲ್ಲ. "ಇವತ್ತ ನಿನಗ ಕೇಳಸ್ತು."

ಅಷ್ಟರಲ್ಲಿ ಎದುರು ಮನೆಯ ಅನಸವ್ವ ಒಳಗೆ ಬಂದಳು. ಚರ್ಚಿನ ಹೆಣ್ಮಕ್ಕಳ ಸಂಘ ನಡೆಸುವ ಮುದುಕಿ. ಪಾಸ್ಟರೂ ಅವಳ ಬಾಯಿಗೆ ಅಂಜುತ್ತಾರೆ.

"ಮೊದ್ಲ ಕೈಯಾಗಿಂದ ಕೆಳಗ ಇಡಲೇ ಬಾಳ್ಯಾ."

ಲಾಳಿ ಇನ್ನೂ ಕೈಯಲ್ಲಿತ್ತು. ಅವನಿಗೇ ಗೊತ್ತಿರಲಿಲ್ಲ. ಕೆಳಗಿಟ್ಟ.

"ಆಯಿ, ಇದು ನಮ್ಮ ಮನಿ ಮಾತು. ಗಂಡಸಂದ ಮ್ಯಾಲ ಸಿಟ್ಟ ಇರೂದ. ಯೇಸುಸ್ವಾಮೀನೂ ದೇವಾಲಯದಾಗ ಚಾಟಿ ಹಿಡದಿದ್ದಿಲ್ಲೇನು?"

"ಹಿಡದಿದ್ದ. ಯಾರ ಮ್ಯಾಲ? ದೇವರ ಹೆಸರ್ಲೆ ಬಡವರನ್ನ ಸುಲಿಯೋ ವ್ಯಾಪಾರಸ್ಥರ ಮ್ಯಾಲ. ಮನಿಗೆ ಬಂದು ಅವ್ವ ಮರಿಯವ್ವನ ಮ್ಯಾಲ ಹಿಡದನೇನು? ನೀ ಇವತ್ತ ಯಾರ ಮ್ಯಾಲ ಸಿಟ್ಟಾಗಿದ್ದಿ, ಖರೆ ಹೇಳು."

ಬಾಳೇಶ ಮಡಚಿ ತಂದಿದ್ದ ಸೀರೆಯನ್ನು ನೋಡಿದ. ಕಡೆಗೆ, "ಸಾವಕಾರ ನಾಯಿ ಅಂದ," ಅಂದ.

"ಹಾಂ! ಅಲ್ಲಿ ಬಾಲ ಅಳ್ಳಾಡಿಸಿ, ಇಲ್ಲಿ ಬಂದು ಕಡದಿ. ಸಿಟ್ಟ ಬರೂದ ಪಾಪಲ್ಲೋ ತಮ್ಮಾ. ಅನ್ಯಾಯ ಕಂಡು ಸಿಟ್ಟ ಬರದವ ಕಲ್ಲು. ಆದ್ರ ಕೈಲಾಗದವರ ಮ್ಯಾಲ ಅದನ್ನ ಇಳಿಸೂದ ಪಾಪ. ಒಡಹುಟ್ಟಿದವರ ಮ್ಯಾಲ ಸಿಟ್ಟ ಇಟಗೊಳ್ಳೂದು ಕೊಲಿಗೆ ಸಮಾ ಅಂತ ಸ್ವಾಮಿ ಸುಮ್ನ ಕಲಿಸಿಲ್ಲ. ನಿನ್ನ ಬಾಯಾಗ ಆ ಕೊಲಿ ಮಾತ ಬಂದೇ ಬಿಟ್ಟೈತಿ."

"ಸಿಟ್ಟ ಬಂದಾಗ ಕಣ್ಣ ಕಾಣ್ಸಂಗಿಲ್ಲ ಆಯಿ. ಏನ ಮಾಡ್ಲಿ?"

"ಕೈಯಾಗಿಂದ ಕೆಳಗ ಇಡು. ಮಗ್ಗ ಬಂದ್ ಮಾಡಿ ಹೊರಗ ಬಾ, ನೀರ ಕುಡಿ. ನನಗ ನೋವ ಮಾಡಿದವ್ರ ಯಾರು ಅಂತ ದೇವರ ಮುಂದ ಹೆಸರ ಹಿಡದ ಹೇಳು. ಅಳು ಬಂದ್ರ ಅಳು, ಯಾರ ನೋಡ್ತಾರ? ತಣ್ಣಗಾದ ಮ್ಯಾಲ ಅವರ ಜೋಡಿನ ಮಾತಾಡು. ಹೊತ್ತ ಮುಳಗೂ ತನಕ ಸಿಟ್ಟ ಬೆಳಸಬ್ಯಾಡ. ನಿನ್ನ ಒಬ್ಬಾವನ ಕಡಿಂದ ಆಗದಿದ್ರ ಪಾಸ್ಟರ್ ಕಡೆ ಹೋಗು, ದವಾಖಾನಿಗೆ ಹೋಗು. ನಾಚಿಕಿ ಏನು? ಹಲ್ಲ ನೋವಿಗೆ ಹೋಗಂಗಿಲ್ಲೇನು?"

ಬಾಳೇಶ ಹೆಂಡತಿಯ ಕಡೆ ತಿರುಗಿದ. "ತಪ್ಪಾತು."

"ನಾ ಮುಧೋಳಕ್ಕ ಅವ್ವನ ಮನಿಗೆ ಹೊಕ್ಕೇನಿ," ಉಜ್ವಲಾ ಎದ್ದಳು. "ಆಯಿ, ಕ್ಷಮಾ ಮಾಡು ಅಂತ ನೀವೂ ಹೇಳಬ್ಯಾಡ್ರಿ."

"ಯಾಕ ಹೇಳ್ಲಿ? ಹೊಡತ ತಿಂದಕೊಂತ ಕೂಡೂದಕ್ಕ ಕ್ಷಮಾ ಅನ್ನಂಗಿಲ್ಲ ಮಗಳ. ಹೋಗು. ಇವ ಬದಲಾಗಿದ್ದು ಕಂಡ್ರ ಬಾ."

ರವಿವಾರ ಉಜ್ವಲಾ ತವರಿನಿಂದಲೇ ಚರ್ಚಿಗೆ ಬಂದಳು. ಕಾಣಿಕೆಯ ಹೊತ್ತಿಗೆ ಬಾಳೇಶ ಎದ್ದು ನಿಂತ. ಮನಸ್ತಾಪವಿದ್ದರೆ ಕಾಣಿಕೆ ಬದಿಗಿಟ್ಟು ಮೊದಲು ಹೋಗಿ ಒಂದಾಗು ಎಂಬ ಬೋಧನೆ ಅವನು ಚಿಕ್ಕಂದಿನಿಂದ ಕೇಳಿದ್ದೇ. ಕಾಣಿಕೆ ಬೆಂಚಿನ ಮೇಲಿಟ್ಟು ಹೆಂಗಸರ ಸಾಲಿಗೆ ನಡೆದ.

"ಇಕಿನ್ನ ಹೊಡದೇನಿ. ಕೊಲ್ತೇನಿ ಅಂದೇನಿ. ಯಾರೂ ನನ್ನ ಛಲೋ ಮನಶ್ಯಾ ಅನಬ್ಯಾಡ್ರಿ," ಅಂದ. ಇನ್ನೂ ಕೆಲ ಗಂಡಸರು ತಲೆ ತಗ್ಗಿಸಿದ್ದನ್ನು ಅನಸವ್ವ ನೋಡಿದಳು.

ಉಜ್ವಲಾ ಅಳಲಿಲ್ಲ. "ಸಾವಕಾರನ ಮುಂದ ಯಾವಾಗ ಮಾತಾಡ್ತಿ?" ಎಂದಷ್ಟೇ ಕೇಳಿದಳು.

ಮರುದಿನ ಬಾಳೇಶ ಅಂಗಡಿಯ ಮುಂದೆ ನಿಂತ. ದನಿ ಏರಿಸಲಿಲ್ಲ. "ಸಾವಕಾರ್ರ, ಸೀರಿಯೊಳಗ ತಪ್ಪಿದ್ರ ತೋರಸ್ರಿ, ತಿದ್ದತೇನಿ. ನಾಯಿ ಅನಬ್ಯಾಡ್ರಿ. ನಾನೂ ದೇವರು ಮಾಡಿದ ಮನಶ್ಯಾ."

ಸಾವಕಾರ ದಿಗ್ಭ್ರಮೆಯಿಂದ ನೋಡಿದ. ಮತ್ತೆ ನಾಯಿ ಅನ್ನಲಿಲ್ಲ. ಆ ವಾರವಿಡೀ ಬಾಳೇಶ ಸಂಜೆಗೊಮ್ಮೆ ಅನಸವ್ವನ ಕಟ್ಟೆಗೆ ಹೋಗಿ ಕೂತು, ಅವತ್ತು ಬಂದ ಸಿಟ್ಟನ್ನು ಹೇಳಿಕೊಂಡ. ಅವನು ಬದಲಾಗುತ್ತಿದ್ದಾನೆಂದು ಅನಸವ್ವ ಫೋನ್ ಮಾಡಿ ಹೇಳಿದ ಮೇಲೆಯೇ ಉಜ್ವಲಾ ಮುಧೋಳದ ಬಸ್ಸಿಳಿದು ಮನೆಗೆ ಬಂದಳು.

ಪೆಟ್ಟು ತಿನ್ನುತ್ತಿರುವ ತಂಗೀ, ಮಹಿಳಾ ಸಹಾಯವಾಣಿ 181ಕ್ಕೆ ಫೋನ್ ಮಾಡು. ಅದು ಪಾಪವಲ್ಲ, ಗಂಡನಿಗೆ ದ್ರೋಹವೂ ಅಲ್ಲ.

ಅಣ್ಣಾ, ನೀನು ಬಾಗಿಲಿಗೆ ಬಂದೊಡನೆ ಒಳಗಿನ ನಗು ನಿಂತುಹೋಗುತ್ತದೆಯೇ? ಹಾಗಿದ್ದರೆ ಇವತ್ತೇ ಮನೆಯವರ ಎದುರು ಕೂತು ಕೇಳು: "ನನ್ನ ಕಂಡ್ರ ನಿಮಗ ಹೆದರಿಕಿ ಆಕ್ಕೈತೇನು?" ಕೇಳಿದ ಮೇಲೆ ಬಾಯಿ ಮುಚ್ಚಿಕೊಂಡು ಕೂಡು. ಅವರು ಬಾಯಿ ಬಿಡುವವರೆಗೂ ಏಳಬೇಡ.