ಅಂಕಲ್, ಸೌಂಡು ಜಾಸ್ತಿ ಮಾಡಿ

ಶಾಲೆಯ ವ್ಯಾನು ಮೂಲೆಯ ಔಷಧದಂಗಡಿ ದಾಟಿತೆಂದರೆ ಸಾಕು, ಡ್ರೈವರನ ಮಗಳು ಹಿಂದಿನ ಸೀಟಿನಲ್ಲಿ ಕಿಟಕಿಯತ್ತ ಮುದುಡಿಕೊಳ್ಳುತ್ತಿದ್ದಳು. ಮುಂದಿನ ತಿರುವಿನಲ್ಲಿ ಜುಟ್ಟಿನ ಹುಡುಗಿ ಹತ್ತುತ್ತಿದ್ದಳು. ಹತ್ತಿದವಳೇ ಹಿಂದಿನ ಸೀಟಿಗೆ ಬಂದು, ಇವಳಿಗೆ ಒತ್ತಿಕೊಂಡು ಕೂತು, ಬೆಣ್ಣೆಯಂಥ ದನಿಯಲ್ಲಿ ಕೂಗುತ್ತಿದ್ದಳು: "ಅಂಕಲ್, ಸೌಂಡು ಜಾಸ್ತಿ ಮಾಡಿ!"

ಅಪ್ಪನೋ, ಹಾಡೆಂದರೆ ಪ್ರಾಣ ಬಿಡುವ ಮನುಷ್ಯ. ಮಕ್ಕಳು ಕೇಳಿದರೆ ಇಲ್ಲವೆನ್ನುವುದುಂಟೆ? ಗುಂಡಿ ತಿರುಗಿಸಿ, ತಾಳಕ್ಕೆ ತಕ್ಕಂತೆ ತಲೆಯಾಡಿಸುತ್ತ ಗಾಡಿ ಓಡಿಸುತ್ತಿದ್ದ. ಹಿಂದೆ ಅವನ ಮಗಳ ತೋಳನ್ನು ಆ ಹುಡುಗಿ ತಿರುಚಿ ತಿರುಚಿ ಚಿವುಟುತ್ತಿದ್ದಳು. "ಥೂ, ಡೀಸೆಲ್ ವಾಸನೆ!" ಎಂದು ಪಕ್ಕದವರು ಮೂಗು ಮುಚ್ಚಿಕೊಂಡು ನಗುತ್ತಿದ್ದರು. ಕನ್ನಡಿಯಲ್ಲಿ ನಗುವ ಮುಖಗಳನ್ನು ಕಂಡು ಅಪ್ಪನೂ ನಗುತ್ತಿದ್ದ, ಪಾಪ.

"ನಿಮ್ಮಪ್ಪಂಗೆ ಹೇಳಿದ್ಯೋ, ನಾವೆಲ್ಲ ಬೇರೆ ವ್ಯಾನಿಗೆ ಹೋಗ್ತೀವಿ. ಆಮೇಲೆ ಖಾಲಿ ಗಾಡಿ ಓಡಿಸ್ಕೊಂಡಿರ್ಲಿ," ಎಂದಿದ್ದಳು ಜುಟ್ಟಿನವಳು. ಆ ಹೆದರಿಕೆಗೇ ಮಗಳು ತುಟಿ ಪಿಟಕ್ಕೆಂದಿರಲಿಲ್ಲ. ನಿನ್ನೆ ಇಳಿಯುವಾಗ ಆ ಹುಡುಗಿ ಕಿವಿಯಲ್ಲಿ ಉಸುರಿದ್ದಳು: "ನಾಳೆ ಕಂಪಾಸು ತರ್ತೀನಿ. ಮೊನೆ ಎಷ್ಟು ಚೂಪಾಗಿದೆ ಗೊತ್ತಾ?"

ರಾತ್ರಿಯೆಲ್ಲ ಅವಳಿಗೆ ಕಣ್ಣೇ ಹತ್ತಲಿಲ್ಲ. ಬೆಳಿಗ್ಗೆ ವ್ಯಾನಿನ ಗಾಜು ಒರೆಸುತ್ತಿದ್ದ ಅಪ್ಪನ ಹತ್ತಿರ ಬಂದು ನಿಂತಳು.

"ಅಪ್ಪಾ, ಇವತ್ತೊಂದಿನ ಹಾಡು ಹಾಕ್ಬೇಡ."

"ಹಾಡಿಲ್ದೆ ಈ ಗಾಡಿ ಮುಂದಕ್ಕೇ ಹೋಗಲ್ಲ ಕಣೇ! ನಿನ್ನ ಫ್ರೆಂಡೇ ದಿನಾ ಕೇಳ್ತಾಳಲ್ಲ, ಸೌಂಡು ಸೌಂಡು ಅಂತ."

"ನಾನು ಅಳೋದು ನಿಂಗೆ ಕೇಳಿಸ್ಬಾರ್ದು ಅಂತ ಅಪ್ಪಾ, ಅವಳು ಹಾಗನ್ನೋದು."

ಒರೆಸುವ ಕೈ ನಿಂತಿತು. ಅಪ್ಪ ಅವಳ ತೋಳಿನ ಬಟ್ಟೆ ಮೇಲೆ ಸರಿಸಿದ. ಚರ್ಮ ಅಲ್ಲಲ್ಲಿ ನೀಲಿಗಟ್ಟಿತ್ತು. ಚಿವುಟಿದ್ದನ್ನೂ ಕಂಪಾಸಿನ ಬೆದರಿಕೆಯನ್ನೂ ಅವಳು ಹೇಳಿಬಿಟ್ಟಳು.

"ಎಲ್ಲಾರೂ ವ್ಯಾನು ಬಿಟ್ಟು ಹೋದ್ರೆ?" ಮಗಳು ಬಿಕ್ಕಿದಳು.

"ಹೋಗ್ಲಿ ಬಿಡು," ಎಂದ ಅಪ್ಪ. ಅವನ ದನಿಯೂ ನಡುಗುತ್ತಿತ್ತು. ಅದನ್ನು ಕೇಳಿ ಅವಳಿಗೆ ಇನ್ನಷ್ಟು ಭಯವಾಯಿತು.

ಅಂದು ಅವಳನ್ನು ತನ್ನ ಪಕ್ಕದಲ್ಲೇ ಕೂರಿಸಿಕೊಂಡ. ಔಷಧದಂಗಡಿ ಬಂತು, ತಿರುವೂ ಬಂತು. ಕಂಪಾಸು ಪೆಟ್ಟಿಗೆ ಹಿಡಿದು ಹತ್ತಿದ ಜುಟ್ಟಿನ ಹುಡುಗಿ ಮುಂದೆ ಕೂತವಳನ್ನು ದುರುಗುಟ್ಟಿ ನೋಡಿದಳು.

"ಅಂಕಲ್, ಸೌಂಡು..."

ಅಪ್ಪ ಎಂಜಿನ್ನನ್ನೇ ಆರಿಸಿದ.

"ಇನ್ಮೇಲೆ ಹಾಡಿಲ್ಲ," ಎಂದು ಹಿಂದಕ್ಕೆ ತಿರುಗಿದ. "ನನ್ನ ಮಗಳು ಅತ್ತಿದ್ದು ಇಷ್ಟು ದಿನ ನನಗೆ ಕೇಳಿಸ್ಲಿಲ್ಲ. ಇನ್ನು ಈ ಗಾಡೀಲಿ ಯಾರು ಅತ್ರೂ ನನಗೆ ಕೇಳಿಸ್ಬೇಕು. ಆ ಪೆಟ್ಟಿಗೆ ಇಲ್ಲಿ ಕೊಡಮ್ಮಾ. ಸಂಜೆ ನಿಮ್ಮಮ್ಮನ ಕೈಗೇ ಕೊಟ್ಟು ಮಾತಾಡ್ತೀನಿ."

ಮಗಳು ಸೀಟಿನ ಅಂಚನ್ನು ಬಿಗಿಯಾಗಿ ಹಿಡಿದಿದ್ದಳು. ಈಗ ಎಲ್ಲರೂ ಇಳಿದು ಹೋಗುತ್ತಾರೆ, ಹೋಗಿಯೇಬಿಡುತ್ತಾರೆ.

ನಡುವಿನ ಸಾಲಿನಿಂದ ಎಲ್ಲರಿಗಿಂತ ಚಿಕ್ಕವಳೊಬ್ಬಳು, ಕೇಳಿಸಿತೋ ಇಲ್ಲವೋ ಎನ್ನುವಷ್ಟು ಮೆಲ್ಲಗೆ ಹೇಳಿದಳು:

"ಅಂಕಲ್... ನಂಗೂ ಚಿವುಟ್ತಾಳೆ."