ಕಲೆಗೆ ಹೆದರಬೇಡಿ, ಚಕ್ಕೆಗೆ ಹೆದರಿ

ಜಪಾನಿನ ಯೋಕೋಹಾಮಾದಲ್ಲಿದ್ದ ತಾರಾಳಿಗೆ ಆ ಶನಿವಾರ ಪಾತ್ರೆಯ ಕಲೆಯೇ ದೊಡ್ಡ ಕಂಟಕವಾಗಿತ್ತು. ಪಕ್ಕದ ಮನೆಯ ಅಜ್ಜಿ ಮುರಾತಾ ಸಾನ್ ಪ್ರೀತಿಯಿಂದ ಕೊಟ್ಟಿದ್ದ ಬಿಳಿ ಎನಾಮೆಲ್ ಪಾತ್ರೆ, ವರ್ಷವಿಡೀ ಸಾರು ಕುದಿಸಿ ಕುದಿಸಿ ಒಳಗೆಲ್ಲ ಕಂದುಗಟ್ಟಿತ್ತು. ಮರುದಿನ ಅಜ್ಜಿ ಊಟಕ್ಕೆ ಬರುವವರಿದ್ದರು. ಅವರ ಪಾತ್ರೆಯಲ್ಲೇ ಸಾರು ಬಡಿಸಬೇಕೆಂದು ತಾರಾಳಿಗೆ ಆಸೆ. ಆದರೆ ಇದನ್ನು ಮುಂದಿಟ್ಟು ಮುಖ ಎಲ್ಲಿಟ್ಟುಕೊಳ್ಳುವುದು?

ಹುಣಸೆಹಣ್ಣು ಹಚ್ಚಿ ಸ್ಟೀಲ್ ನಾರು ಕೈಗೆತ್ತಿಕೊಂಡಳು. ಹಿತ್ತಾಳೆ ಚೊಂಬಿಗೆ ನಡೆದದ್ದು ಇದಕ್ಕೂ ನಡೆದೀತು ಎಂಬ ಲೆಕ್ಕ. ಅಷ್ಟರಲ್ಲಿ ಕೆಳಗಿನ ಮನೆಯ ಗೆಳತಿ ಶರ್ವಾಣಿ ಬಂದಳು.

"ಅಯ್ಯೋ, ನಿಲ್ಲಿಸೇ! ಎನಾಮೆಲ್ ಅಂದ್ರೆ ಕಬ್ಬಿಣದ ಮೇಲೆ ಗಾಜಿನ ಕೋಟಿಂಗ್ ಕಣೇ. ಗೀರು ಬಿದ್ರೆ ಇನ್ನೂ ಬೇಗ ಕಲೆ ಹಿಡಿಯತ್ತೆ."

"ಹಾಗಾದ್ರೆ ಇದನ್ನ ಬಿಸಾಕಿ, ಒಲೆ ಪಕ್ಕ ಇದ್ಯಲ್ಲ, ದಿನಾ ಒಗ್ಗರಣೆಗೆ ಬಳಸೋ ಹಸಿರು ಎನಾಮೆಲ್ ಪಾತ್ರೆ, ಅದ್ರಲ್ಲೇ ಸಾರು ಮಾಡ್ತೀನಿ ಬಿಡು. ಫಳಫಳ ಅಂತಿದೆ. ಒಳಗೆ ಒಂಚೂರು ಚಕ್ಕೆ ಎದ್ದಿದೆ, ಅಷ್ಟೇ."

ಶರ್ವಾಣಿ ಹಸಿರು ಪಾತ್ರೆಯನ್ನು ಬೆಳಕಿಗೆ ಹಿಡಿದಳು. ಚಕ್ಕೆ ಎದ್ದಲ್ಲಿ ಕಬ್ಬಿಣ ಕಾಣುತ್ತಿತ್ತು, ಸುತ್ತ ತುಕ್ಕು.

"ಮೇಲೆಲ್ಲಾ ಥಳಕು, ಒಳಗೆಲ್ಲಾ ಹುಳುಕು! ಬಿಸಾಕಬೇಕಾದ್ದು ಇದು. ಗಾಜಿನ ಚೂರು ಊಟಕ್ಕೆ ಬಿದ್ರೆ? ಇದ್ರಲ್ಲಿ ಒಗ್ಗರಣೆ ಕಾಯಿಸಿ, ಬಿಸಿಬಿಸಿ ಇದ್ದಾಗ್ಲೇ ನಲ್ಲಿ ಕೆಳಗೆ ಹಿಡೀತೀಯಾ?"

ತಾರಾ ನಾಲಿಗೆ ಕಚ್ಚಿಕೊಂಡಳು. ದಿನಾ ಮಾಡುತ್ತಿದ್ದದ್ದೇ ಅದು.

"ಅದಕ್ಕೇ ಸಿಡಿದಿರೋದು. ನಾನೂ ಒಂದು ಪಾತ್ರೆ ಹಾಳ್ಮಾಡ್ಕೊಂಡೇ ಕಲಿತಿದ್ದು. ಅಡುಗೆ ಸೋಡಾ ಇದ್ಯಾ?"

"ಬೋಂಡಾಗೆ ಹಾಕೋದಾ? ಅದ್ರಿಂದ ಈ ಕಲೆ ಹೋಗತ್ತಾ? ಸುಮ್ನಿರೇ!"

ಶರ್ವಾಣಿ ಕಲೆ ಮುಳುಗುವಷ್ಟು ನೀರಿಗೆ ಎರಡು ಚಮಚ ಸೋಡಾ ಹಾಕಿ, ಸಣ್ಣ ಉರಿಯಲ್ಲಿ ಕುದಿಸಿ, ಒಲೆ ಆರಿಸಿದಳು. ಪಾತ್ರೆ ತಾನಾಗಿಯೇ ತಣ್ಣಗಾಗುವವರೆಗೆ ಮುಟ್ಟಲು ಬಿಡಲಿಲ್ಲ. ಆಮೇಲೆ ತಾರಾ ಮೆತ್ತನೆಯ ಸ್ಪಂಜಿನಿಂದ ಒರೆಸಿದಳು. ಕಂದು ಕರಗಿ ಬಿಳಿ ಇಣುಕಿತು! ತಳದ ಹಟಮಾರಿ ಕಲೆಗೆ ಮತ್ತೊಮ್ಮೆ ಕುದಿಸಬೇಕಾಯಿತು, ಅಷ್ಟೇ. ತಾರಾ ಪಾತ್ರೆಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು ಅಡುಗೆಮನೆಯಲ್ಲೇ ಕುಣಿದಳು.

ಭಾನುವಾರ ಒಗ್ಗರಣೆ ಕಬ್ಬಿಣದ ಸೌಟಿನಲ್ಲಾಯಿತು, ಸಾರು ಬಿಳಿ ಪಾತ್ರೆಯಲ್ಲಿ ಮೇಜಿಗೆ ಬಂತು. ಮುರಾತಾ ಸಾನ್ ಪಾತ್ರೆಯನ್ನೇ ನೋಡುತ್ತ ಕುಳಿತರು.

"ಕಲೆಯಾದೀತೆಂದು ಹೆದರಿ ನಾನು ಇದನ್ನು ಬಳಸಲೇ ಇಲ್ಲ," ಎಂದರು ಜಪಾನಿ ಭಾಷೆಯಲ್ಲಿ. "ನೀನು ಇದರಲ್ಲಿ ಅಡುಗೆ ಮಾಡಿದೆ. ಅರಿಗಾತೋ, ತಾರಾ ಸಾನ್." ಹೀಗೆ ಧನ್ಯವಾದ ಹೇಳಿ ಮತ್ತೆ ಬಟ್ಟಲು ಮುಂದೆ ಚಾಚಿದರು. ತಾರಾಳಿಗೆ ಹಬ್ಬವೇ ಆಯಿತು.

ಓದುಗರೇ, ನಿಮ್ಮ ಎನಾಮೆಲ್ ಪಾತ್ರೆಯನ್ನೂ ಇವತ್ತೇ ಬೆಳಕಿಗೆ ಹಿಡಿದು ನೋಡಿ. ಕಲೆಯಿದ್ದರೆ ಸೋಡಾ ನೀರು ಕುದಿಸಿ. ಒಳಗೆ ಚಕ್ಕೆ ಎದ್ದಿದ್ದರೆ ಮುಲಾಜಿಲ್ಲದೆ ಅಡುಗೆಯಿಂದ ಬಿಡಿಸಿ, ಬೇಕಿದ್ದರೆ ಅದರಲ್ಲಿ ಹೂಗಿಡ ನೆಡಿ. ಸ್ಟೀಲ್ ನಾರು ಬೇಡ, ಬಿಸಿ ಪಾತ್ರೆಗೆ ತಣ್ಣೀರು ಬೇಡ. ಕಲೆಯಾಯಿತೆಂದು ನಾಚಿ ಒಳ್ಳೆಯ ಪಾತ್ರೆಯನ್ನು ಕಪಾಟಿನಲ್ಲಂತೂ ಇಡಬೇಡಿ. ತೊಳೆದು, ತುಂಬಿ, ಪಕ್ಕದ ಮನೆಯವರನ್ನು ಊಟಕ್ಕೆ ಕರೆಯಿರಿ!