ಮೇಣ ಹಾಕಿದ ಭರಣಿ

ಕೊಟ್ಟಿಗೆಯಿಂದ ಹೆಂಡದ ವಾಸನೆ ಬಂದರೆ ನೀವು ಮೊದಲು ಯಾರ ಮುಖ ನೋಡುತ್ತೀರಿ? ಮನೆಯೊಡತಿಯದೋ, ಅಂಗಳದಲ್ಲಿ ತೆಂಗಿನಕಾಯಿ ಸುಲಿಯುತ್ತಿರುವವನದೋ? ಉತ್ತರಿಸುವ ಕಷ್ಟ ನಿಮಗೆ ಬೇಡ. ಬೋವಿಕಾನದ ಭುಜಂಗ ಮಾಸ್ತರರ ಜಗಲಿಯಲ್ಲಿ ಕುಳಿತಿದ್ದ ನಾಲ್ವರು ಸಭ್ಯರು ನಿಮ್ಮ ಪರವಾಗಿ ಅದನ್ನು ಹೇಳಿಬಿಟ್ಟಿದ್ದಾರೆ.

ಪಾನನಿಷೇಧದ ಕಾನೂನು ಬಂದ ಮರುವರ್ಷದ ಬೇಸಗೆ. ಮಾಸ್ತರರು ಊರಿನ ಪಾನವಿರೋಧಿ ಸಮಿತಿಯ ಕಾರ್ಯದರ್ಶಿ. ಬೀಜ ತೆಗೆದು ಎಸೆದ ಗೇರುಹಣ್ಣು ಗುಡ್ಡೆಯಲ್ಲಿ ಕೊಳೆಯುವುದನ್ನು ಕಂಡು ಅವರ ಹೆಂಡತಿ ಪುಷ್ಪಾವತಿಗೆ ಒಂದು ಆಸೆ ಹುಟ್ಟಿತು. ಬೇಳದ ಗೆಳತಿ ಸೆರಫಿನ ಬಾಯಿ ಕ್ರಿಸ್ಮಸ್ಸಿಗೆ ಕೊಟ್ಟಿದ್ದ ಒಂದು ಗುಟುಕು ವೈನಿನ ರುಚಿ ಅವಳ ನಾಲಗೆಯಿಂದ ಇನ್ನೂ ಹೋಗಿರಲಿಲ್ಲ. ಗೆಳತಿಯನ್ನೇ ಕೇಳಿ ಕಲಿತಳು: ಹಣ್ಣಿನ ರಸ, ಬೆಲ್ಲ, ಹಿಡಿ ಗೋಧಿ.

"ಬಾಯಿಗೆ ತೆಳು ಬಟ್ಟೆ ಕಟ್ಟಿದ್ರೆ ಸಾಕು. ಅದು ಉಸಿರಾಡ್ಬೇಕು" ಎಂದಿದ್ದಳು ಸೆರಫಿನ.

ಇಪ್ಪತ್ತು ವರ್ಷ ಮಿಡಿ ಉಪ್ಪಿನಕಾಯಿ ಹಾಕಿದ ಕೈ ಆ ಮಾತನ್ನು ಒಪ್ಪಲಿಲ್ಲ. ಗಾಳಿ ಹೊಕ್ಕರೆ ಬೂಸಲು ಬರುವುದಿಲ್ಲವೇ? ಪುಷ್ಪಾವತಿ ಭರಣಿಯ ಮುಚ್ಚಳದ ಸುತ್ತ ಜೇನುಮೇಣ ಕರಗಿಸಿ ಹೊಯ್ದಳು. ಗಂಡನ ಕಣ್ಣು ತಪ್ಪಿಸಿ ಸೌದೆ ಕೊಟ್ಟಿಗೆಯ ಮೂಲೆಯಲ್ಲಿಟ್ಟಳು. ತೋಟದಾಳು ಕುಂಞ ತನ್ನ ಹಗ್ಗ, ಕತ್ತಿಗಳನ್ನು ಇಡುತ್ತಿದ್ದುದೂ ಅಲ್ಲಿಯೇ. ಅವನು ಹಿಂದೆ ಕಳ್ಳು ಇಳಿಸುತ್ತಿದ್ದವನು. ಕಾನೂನು ಬಂದ ಮೇಲೆ, ಇನ್ನು ಕಳ್ಳು ಮುಟ್ಟುವುದಿಲ್ಲವೆಂದು ಸಮಿತಿಯ ಪುಸ್ತಕದಲ್ಲಿ ಹೆಬ್ಬೆಟ್ಟು ಒತ್ತಿ, ಮಾಸ್ತರರ ತೋಟದ ಕಾಯಿ ಕೀಳುವ ಕೆಲಸಕ್ಕೆ ಸೇರಿದ್ದ.

ಮೂರನೆಯ ದಿನ ಅವಳು ಭರಣಿಗೆ ಕಿವಿಯಿಟ್ಟಳು. ಕಾದ ಕಾವಲಿಗೆ ನೀರು ಚಿಮುಕಿಸಿದಂಥ ಸದ್ದು. ಕೆಟ್ಟುಹೋಯಿತೇ? ವಿಷವಾಯಿತೇ? ಮೇಣ ಅಲ್ಲಲ್ಲಿ ಬಿರುಕು ಬಿಟ್ಟಿತ್ತು. ಯಾರನ್ನು ಕೇಳುವುದು, ಕಾರ್ಯದರ್ಶಿಯ ಹೆಂಡತಿಯಾಗಿ? ಹೆದರಿ ಇನ್ನಷ್ಟು ಮೇಣ ಹೊಯ್ದಳು.

ಭಾನುವಾರ ಸಮಿತಿಯ ಸಭೆ ನಡೆಯುತ್ತಿದ್ದಾಗ ಕೊಟ್ಟಿಗೆಯಲ್ಲಿ ಗರ್ನಾಲು ಸಿಡಿದಂತಾಯಿತು. ಮುಚ್ಚಳ ಹಾರಿ ಹಂಚು ಒಡೆದಿತ್ತು. ಭರಣಿ ಎರಡು ಹೋಳು; ಕಾಯಿ ಸುಲಿಯುತ್ತಿದ್ದ ಕುಂಞ ಓಡಿಹೋಗಿ ಅವನ್ನು ಅಂಗಳಕ್ಕೆ ತಂದ. ಹುಳಿವಾಸನೆ ಜಗಲಿಯವರೆಗೂ ನಡೆದು ಬಂತು.

ಅಂಗಡಿಯ ಚೆನ್ನಯ್ಯ ಮೂಗು ಮುಚ್ಚಿಕೊಂಡು ಕುಂಞನತ್ತ ನೋಡಿ ನಕ್ಕ. "ಕೈ ಸುಮ್ಮನೆ ಇರ್ತದಾ ಮಾರಾಯ್ರೆ? ಮರ ಬಿಟ್ಟ, ಭರಣಿ ಹಿಡಿದ!"

"ನಮ್ಮ ಮನೆಯದ್ದೇ ಭರಣಿ" ಎಂದರು ಮಾಸ್ತರರು, ಮುಖ ಕೆಂಪಾಗಿ. "ಕದ್ದದ್ದೂ ಆಯ್ತಲ್ಲ ಕುಂಞ?"

ಕುಂಞ ಹೋಳೊಂದನ್ನು ಎತ್ತಿ ನೋಡಿದ. "ನಾನಲ್ಲ ಮಾಸ್ಟ್ರೇ. ಹುಳಿ ಬರುವ ರಸಕ್ಕೆ ಮೇಣ ಹಾಕಿ ಬಾಯಿ ಕಟ್ಟುವವ ಯಾರುಂಟು? ಕಳ್ಳಿನ ಮಡಕೆ ಕಂಡವ ಹಾಗೆ ಮಾಡ್ಲಿಕ್ಕಿಲ್ಲ."

"ಕೇಳಿದ್ರಾ? ವಿದ್ಯೆ ಎಲ್ಲ ಬಾಯಿಪಾಠ ಉಂಟು ಇವನಿಗೆ!" ಎಂದ ಚೆನ್ನಯ್ಯ. ನಾಲ್ವರೂ ನಕ್ಕರು.

ನಿರಪರಾಧಿತ್ವಕ್ಕೆ ಅವನು ಕೊಟ್ಟ ಸಾಕ್ಷಿಯನ್ನೇ ಅಪರಾಧಕ್ಕೆ ಸಾಕ್ಷಿ ಮಾಡಿದ ಬುದ್ಧಿವಂತಿಕೆ ಅದು! ಬಾಗಿಲ ಹಿಂದೆ ನಿಂತಿದ್ದ ಪುಷ್ಪಾವತಿಯ ಉಗುರಿನ ಸಂದಿಯಲ್ಲಿ ಮೇಣ ಇನ್ನೂ ಅಂಟಿತ್ತು. ಕುಂಞ ಒಮ್ಮೆ ಅವಳ ಕೈ ನೋಡಿದ, ಒಮ್ಮೆ ಮುಖ. ಅವಳು ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು. ಅವನು ಒಂದು ಮಾತೂ ಆಡದೆ ಹಗ್ಗ ಹೆಗಲಿಗೆ ಹಾಕಿಕೊಂಡು ಇಳಿದು ಹೋದ. ಆ ಮೌನಕ್ಕಿಂತ ಅವನು ಬೈದಿದ್ದರೆ ಅವಳಿಗೆ ಹಗುರವಾಗುತ್ತಿತ್ತು.

ಸಂಜೆ ಗಂಡನಿಗೆ ಎಲ್ಲ ಹೇಳಿದಳು. ಮಾಸ್ತರರು ಎದ್ದು ಬಾಗಿಲು ಹಾಕಿದರು.

"ಈಗ ಹೇಳಿದ್ರೆ ಸಮಿತಿಯ ಮರ್ಯಾದೆ ಎಂತ ಆಗ್ಬೇಕು? ಹೋದವ ಹೋದ. ಬಾಯಿ ಮುಚ್ಚಿಕೊಂಡಿರು."

ಏಳು ದಿನ ಅವಳಿಗೆ ಅನ್ನ ಇಳಿಯಲಿಲ್ಲ. ಎಂಟನೆಯ ದಿನ, ಸಭೆಯ ನಡುವೆ, ಎಂದೂ ಜಗಲಿಗೆ ಬಾರದವಳು ಬಂದು ನಿಂತಳು. "ಭರಣಿ ಇಟ್ಟದ್ದು ನಾನು. ಮೇಣ ಹಾಕಿದ್ದೂ ನಾನೇ. ಕುಂಞ ಕದ್ದವ ಅಲ್ಲ."

ಚೆನ್ನಯ್ಯ ಎಲೆಯಡಿಕೆ ಉಗುಳುವ ನೆಪದಲ್ಲಿ ಎದ್ದ. ಮಾಸ್ತರರು ಪುಸ್ತಕದ ಹಾಳೆ ಮಗುಚಿ ಮುಂದಿನ ವಿಷಯ ಓದಿದರು. ಕುಂಞನಾದರೋ ಆಗಲೇ ಹೆಂಡತಿಯೊಂದಿಗೆ ಊರು ಬಿಟ್ಟಿದ್ದ. ಪೆರ್ಲದ ಬಳಿ ರಸ್ತೆಗೆ ಕಲ್ಲು ಹೊರುತ್ತಾನೆಂದು ಸುದ್ದಿ. ಕಳ್ಳನೆಂಬ ಹೆಸರು ಅವನಿಗಿಂತ ಮೊದಲೇ ಅಲ್ಲಿಗೆ ತಲುಪಿತ್ತು. ತಾನೇ ಹೋಗಿ ಹೇಳಿಬರುತ್ತೇನೆಂದ ಪುಷ್ಪಾವತಿಯನ್ನು ಗಂಡ ಹೊರಡಗೊಡಲಿಲ್ಲ. ಸತ್ಯ ಕೇಳಿದ ನಾಲ್ವರಲ್ಲಿ ಒಬ್ಬನೂ ಅದನ್ನು ಕುಂಞನಿಗೆ ಮುಟ್ಟಿಸಲಿಲ್ಲ.

ಈಗ ನೀವೂ ಕೇಳಿದ್ದೀರಿ. ಪೆರ್ಲದ ಕಡೆ ಹೋಗುವವರಿದ್ದರೆ ದಯವಿಟ್ಟು ಕುಂಞನನ್ನು ಹುಡುಕಿ, ಅವನ ಜೊತೆ ಕಲ್ಲು ಹೊರುವವರೆಲ್ಲ ಕೇಳುವಂತೆ ಗಟ್ಟಿಯಾಗಿ ಹೇಳಿ: ಇವನು ಕಳ್ಳನಲ್ಲ.